ಪದಗಳ ಪಟ್ಟಿಯೂ ಪ್ರವೇಶ ಪರೀಕ್ಷೆಯೂ

ಹನ್ನೆರಡನೆಯ ತರಗತಿಯಲ್ಲಿ ಓದುವ ಮಕ್ಕಳಿರುವ ನಮ್ಮವರ ಮನೆಗಳಲ್ಲಿ ಈಚಿನ ವರ್ಷಗಳಲ್ಲಿ ಒಂದು ಹೊಸ ಬಗೆಯ ಪಾರಾಯಣವು ಕೇಳಿಬರುತ್ತಿದೆ. ‘ಅಬೇಟ್, ಅಬೆರಂಟ್, ಅಬೆಯನ್ಸ್’ ಎಂದು ಆರಂಭವಾಗುವ ಈ ನಾಮಾವಳಿಯಲ್ಲಿ ಮೂರು ಸಾವಿರಕ್ಕೂ ಮಿಕ್ಕಿ ಆಂಗ್ಲ ಪದಗಳಿರುವುದುಂಟು. ಪ್ರತಿಯೊಂದು ಪದದ ಎದುರು ಒಂದೆರಡು ಮಾತಿನ ಅರ್ಥ; ದಿನಕ್ಕೆ ಐವತ್ತು ಪದಗಳಂತೆ ಕಂಠಪಾಠ. ಅಕಾರಾದಿಯಾಗಿ ಹೊರಟ ಈ ಯಾತ್ರೆಯಲ್ಲಿ ‘ಡಿ’ ಅಕ್ಷರವನ್ನು ದಾಟಿದವರು ವಿರಳವೆಂಬುದು ನಮ್ಮ ಅನುಭವ. ದಾಟಿದವರಿಗಾದರೂ ಅಷ್ಟರಲ್ಲಿ ‘ಎ’ ಮರೆತುಹೋಗಿರುತ್ತದೆ.

ಇದು ಮಕ್ಕಳ ಶ್ರಮದ ಮಾತು ಮಾತ್ರವಾಗಿದ್ದರೆ ನಾವು ಲೇಖನಿಯನ್ನೆತ್ತುತ್ತಿರಲಿಲ್ಲ. ಆದರೆ ಈ ಪಟ್ಟಿಯ ಭಯವು ಮನೆಯೊಳಗೆ ಇನ್ನೊಂದು ಅನಾಹುತವನ್ನು ತರುತ್ತಿದೆ. ‘ಆಂಗ್ಲ ಪದಗಳೇ ಇಷ್ಟೊಂದು ಬಾಕಿ ಇರುವಾಗ ಮಗುವಿಗೆ ಕನ್ನಡದ ಹೊರೆ ಏಕೆ?’ ಎಂದು ಕೇಳುವ ತಾಯ್ತಂದೆಗಳ ಸಂಖ್ಯೆ ಮುಂಬಯಿ, ಪುಣೆಗಳಲ್ಲಿಯೂ ಚೆನ್ನೈ, ಹೈದರಾಬಾದು, ದಿಲ್ಲಿಗಳಲ್ಲಿಯೂ ಕಡಮೆಯಿಲ್ಲ. ಮೊದಲು ಕನ್ನಡದ ಓದು ನಿಲ್ಲುತ್ತದೆ; ಬಳಿಕ ಊಟದ ಹೊತ್ತಿನ ಮಾತೂ ಆಂಗ್ಲವಾಗುತ್ತದೆ. ಮಗುವಿನ ಹಿತಕ್ಕಾಗಿಯೇ ಹೀಗೆ ಮಾಡುತ್ತಿರುವೆವೆಂದು ಅವರು ಮನಃಪೂರ್ವಕವಾಗಿ ನಂಬಿದ್ದಾರೆ. ಪ್ರವೇಶ ಪರೀಕ್ಷೆಯ ಆಂಗ್ಲ ಪದಗಳನ್ನು ಕಲಿಯುವುದಕ್ಕೆ ಕನ್ನಡದ ಓದು ಅಡ್ಡಿಯಲ್ಲ, ಬಂಡವಾಳ ಎಂಬುದು ನಮ್ಮ ವಾದ. ಇದನ್ನು ಭಾಷಾಭಿಮಾನದ ಆವೇಶದಿಂದಲ್ಲ, ಪರೀಕ್ಷೆಯ ಅಂಕಗಳನ್ನೇ ಮುಂದಿಟ್ಟುಕೊಂಡು ಹೇಳುತ್ತಿದ್ದೇವೆ.

ಮೊದಲು ಪರೀಕ್ಷೆಗಳು ನಿಜವಾಗಿ ಕೇಳುವುದೇನೆಂಬುದನ್ನು ನೋಡಬೇಕು. ಈ ಪದಪಟ್ಟಿಗಳ ತವರು ಅಮೆರಿಕ. ಅಲ್ಲಿಯ ಕಾಲೇಜುಗಳ ಪ್ರವೇಶಕ್ಕಾಗಿ ೧೯೨೬ರಲ್ಲಿ ಆರಂಭವಾದ ಎಸ್.ಎ.ಟಿ. ಪರೀಕ್ಷೆಯು ಬಹುಕಾಲ ವಿರುದ್ಧಪದಗಳನ್ನೂ ಪದಸಾಮ್ಯಗಳನ್ನೂ ಬಿಡಿಬಿಡಿಯಾಗಿ ಕೇಳುತ್ತಿತ್ತು. ಆದುದರಿಂದಲೇ ಪಟ್ಟಿ ಮಾರುವವರ ವ್ಯಾಪಾರ ಬೆಳೆಯಿತು. ಆದರೆ ೧೯೯೪ರಲ್ಲಿ ವಿರುದ್ಧಪದಗಳ ಪ್ರಶ್ನೆಗಳನ್ನೂ ೨೦೦೫ರಲ್ಲಿ ಪದಸಾಮ್ಯಗಳನ್ನೂ ಅಲ್ಲಿ ಕೈಬಿಟ್ಟರು. ೨೦೧೬ರಲ್ಲಿ ಅಪರೂಪದ ಪದಗಳ ಮೋಹವನ್ನೂ ತೊರೆದು, ಒಂದು ಗದ್ಯಭಾಗದೊಳಗೆ ಪದವೊಂದು ಯಾವ ಅರ್ಥದಲ್ಲಿ ನಿಂತಿದೆಯೆಂಬುದನ್ನೇ ಕೇಳತೊಡಗಿದರು. ನಮ್ಮ ದೇಶದಲ್ಲಿಯೂ ಗಾಳಿ ಅದೇ ದಿಕ್ಕಿಗೆ ಬೀಸಿದೆ. ರಾಷ್ಟ್ರೀಯ ಕಾನೂನು ವಿಶ್ವವಿದ್ಯಾಲಯಗಳ ಪ್ರವೇಶಕ್ಕಾಗಿ ೨೦೦೮ರಿಂದ ನಡೆಯುತ್ತಿರುವ ‘ಕ್ಲಾಟ್’ ಪರೀಕ್ಷೆಯು ೨೦೨೦ರಿಂದೀಚೆಗೆ ಸುಮಾರು ನಾನೂರೈವತ್ತು ಪದಗಳ ಗದ್ಯಭಾಗಗಳನ್ನು ಕೊಟ್ಟು, ಅವುಗಳ ಮೇಲೆಯೇ ಪ್ರಶ್ನೆ ಕೇಳುತ್ತಿದೆ. ಕೇಂದ್ರೀಯ ವಿಶ್ವವಿದ್ಯಾಲಯಗಳಿಗಾಗಿ ೨೦೨೨ರಲ್ಲಿ ಬಂದ ‘ಸಿ.ಯು.ಇ.ಟಿ.’ಯಲ್ಲಿ ಸಮಾನಾರ್ಥಕ, ವಿರುದ್ಧಾರ್ಥಕ ಪದಗಳ ನೇರ ಪ್ರಶ್ನೆಗಳು ಇನ್ನೂ ಉಳಿದಿರುವುದು ನಿಜ. ಆದರೂ ಗದ್ಯಗ್ರಹಣದ ಪ್ರಶ್ನೆಗಳಿಗೆ ಅಲ್ಲಿಯೂ ದೊಡ್ಡ ಸ್ಥಾನವಿದೆ. ೨೦೨೫ರಿಂದ ಅಲ್ಲಿ ಅರುವತ್ತು ನಿಮಿಷಗಳಲ್ಲಿ ಐವತ್ತು ಪ್ರಶ್ನೆಗಳನ್ನು ಬಿಡಿಸಬೇಕು. ಸರಿಯುತ್ತರಕ್ಕೆ ಐದು ಅಂಕ, ತಪ್ಪಿಗೆ ಒಂದು ಅಂಕದ ದಂಡ. ಪಟ್ಟಿಯ ಯಾವ ಪುಟದಲ್ಲಿ ಯಾವ ಪದವಿತ್ತೆಂದು ಮನಸ್ಸಿನೊಳಗೆ ಹುಡುಕುತ್ತ ಕೂರಲು ಅಲ್ಲಿ ಪುರುಸೊತ್ತಿಲ್ಲ.

ಇನ್ನು ಕಂಠಪಾಠದ ವಿಚಾರ. ಜರ್ಮನಿಯ ಹರ್ಮನ್ ಎಬಿಂಗ್‌ಹೌಸ್ ಎಂಬ ವಿದ್ವಾಂಸನು ಅರ್ಥವಿಲ್ಲದ ಅಕ್ಷರಗುಚ್ಛಗಳನ್ನು ತಾನೇ ಬಾಯಿಪಾಠ ಮಾಡಿ, ಎಷ್ಟು ಹೊತ್ತಿಗೆ ಎಷ್ಟು ಮರೆಯುತ್ತದೆಂದು ಅಳೆದು, ೧೮೮೫ರಲ್ಲಿ ಗ್ರಂಥವನ್ನು ಪ್ರಕಟಿಸಿದನು. ಒಂದು ದಿನ ಕಳೆಯುವಷ್ಟರಲ್ಲಿ ಕಲಿತ ಶ್ರಮದಲ್ಲಿ ಮೂರರಲ್ಲಿ ಎರಡು ಪಾಲು ವ್ಯರ್ಥವಾಗಿರುತ್ತಿತ್ತು. ಆದರೆ ಅದೇ ಮಹಾಶಯನು ಬೈರನ್ ಕವಿಯ ‘ಡಾನ್ ಜುವಾನ್’ ಕಾವ್ಯದ ಪದ್ಯಗಳನ್ನು ಪಾಠ ಮಾಡಿದಾಗ ಸುಮಾರು ಹತ್ತನೆಯ ಒಂದು ಪಾಲು ಶ್ರಮವೇ ಸಾಕಾಯಿತು. ಅರ್ಥದ ಹಿಡಿಕೆ ಇದ್ದ ವಸ್ತುವನ್ನು ಮನಸ್ಸು ಎತ್ತಿಕೊಳ್ಳುತ್ತದೆ, ಇಲ್ಲದುದನ್ನು ಕೆಡವುತ್ತದೆ. ಪಟ್ಟಿಯಲ್ಲಿರುವ ‘ಅಬೆಯನ್ಸ್’ ಎಂಬುದು ನಮ್ಮ ಹುಡುಗನಿಗೆ ಅಂಥ ಅಕ್ಷರಗುಚ್ಛವೇ ಅಲ್ಲವೆ?

‘ನಮ್ಮ ಹಿರಿಯರು ಅಮರಕೋಶವನ್ನು ಬಾಯಿಪಾಠ ಮಾಡಲಿಲ್ಲವೆ?’ ಎಂದು ವಾಚಕರಲ್ಲಿ ಕೆಲವರಾದರೂ ಕೇಳಬಹುದು. ಮಾಡಿದರು, ಮತ್ತು ಅದರಿಂದ ಪ್ರಯೋಜನವನ್ನೂ ಪಡೆದರು. ಆದರೆ ಅಮರಸಿಂಹನು ಪದಗಳನ್ನು ಅಕಾರಾದಿಯಾಗಿ ಸುರಿಯಲಿಲ್ಲ. ಸ್ವರ್ಗಕ್ಕೆ ಸೇರಿದವು ಸ್ವರ್ಗವರ್ಗದಲ್ಲಿ, ಕಾಡಿಗೆ ಸೇರಿದವು ವನೌಷಧಿವರ್ಗದಲ್ಲಿ ಎಂದು ನಂಟುಗಳನ್ನು ಹಿಡಿದು, ಛಂದಸ್ಸಿನಲ್ಲಿ ಕಟ್ಟಿದನು. ಕನ್ನಡದಲ್ಲಿ ನಾಗವರ್ಮನ ‘ಅಭಿಧಾನ ವಸ್ತುಕೋಶ’ವೂ ಮಂಗರಾಜನ ನಿಘಂಟೂ ಇದೇ ಪರಂಪರೆಯವು. ಕೋಶವನ್ನು ಕಲಿತ ಹುಡುಗನು ಅದರ ಬೆನ್ನಿಗೇ ಕಾವ್ಯಕ್ಕೆ ಇಳಿಯುತ್ತಿದ್ದನು. ಮುಂಜಾನೆ ಕಲಿತ ಪದವು ಮಧ್ಯಾಹ್ನ ಶ್ಲೋಕದಲ್ಲಿ ಎದುರಾಗುತ್ತಿತ್ತು. ಇಂದಿನ ಪಟ್ಟಿಯ ಹಿಂದೆ ಅಂಥ ಕಾವ್ಯವಿಲ್ಲ. ಅದರ ಹಿಂದೆ ಇರುವುದು ಇನ್ನೊಂದು ಪಟ್ಟಿ.

ಈಗ ನಮ್ಮ ಬಂಡವಾಳದ ಲೆಕ್ಕಕ್ಕೆ ಬರೋಣ. ಕನ್ನಡವು ದ್ರಾವಿಡ ಕುಲದ ಭಾಷೆ. ಆದರೆ ಶಾಸ್ತ್ರ, ಧರ್ಮ, ಆಡಳಿತಗಳ ಮಾತಿಗಾಗಿ ಅದು ಸಂಸ್ಕೃತದಿಂದ ಸಾವಿರಾರು ಪದಗಳನ್ನು ತಂದುಕೊಂಡಿದೆ. ಆಂಗ್ಲ ಭಾಷೆಯೂ ಹಾಗೆಯೇ. ಅದರ ಮನೆಮಾತು ಜರ್ಮಾನಿಕ್ ಕುಲದ್ದು, ಪಂಡಿತರ ಮಾತು ಲ್ಯಾಟಿನ್, ಗ್ರೀಕ್‌ಗಳಿಂದ ಬಂದುದು. ಪರೀಕ್ಷೆಯಲ್ಲಿ ಕಾಡುವ ಪದಗಳಲ್ಲಿ ಬಹುಪಾಲು ಈ ಎರಡನೆಯ ಬಗೆಯವು. ಸಂಸ್ಕೃತ, ಗ್ರೀಕ್, ಲ್ಯಾಟಿನ್ ಮೂರೂ ಒಂದೇ ಮೂಲದಿಂದ ಹೊರಟಿರಬೇಕೆಂದು ಸರ್ ವಿಲಿಯಂ ಜೋನ್ಸ್ ೧೭೮೬ರಲ್ಲಿ ಕಲ್ಕತ್ತೆಯಲ್ಲಿ ಸಾರಿದ ಮಾತು ಇಂದು ಪಂಡಿತರಲ್ಲಿ ನಿರ್ವಿವಾದವಾಗಿದೆ. ಹೀಗಿರಲು ಕನ್ನಡವನ್ನು ಓದಬಲ್ಲ ಹುಡುಗಿಗೆ ಆಂಗ್ಲದ ಎಷ್ಟೋ ಕಠಿನ ಪದಗಳು ನೆಂಟರ ಮಕ್ಕಳಾಗುತ್ತವೆ.

‘ಡಿಸ್‌ಪೆಪ್ಸಿಯ’ ಎಂಬುದನ್ನೇ ನೋಡಿರಿ. ಗ್ರೀಕಿನ ‘ಡಿಸ್’ ಎಂಬುದು ನಮ್ಮ ‘ದುಸ್’; ‘ಪೆಪ್ಸಿಸ್’ ಎಂಬುದು ಪಚನದ ‘ಪಚ್’, ಪಾಕಶಾಲೆಯ ‘ಪಾಕ’. ದುಷ್ಟ ಪಚನವೆಂದರೆ ಅಜೀರ್ಣವಲ್ಲದೆ ಇನ್ನೇನು? ಹೋಟೆಲು ಉದ್ಯಮದಲ್ಲಿ ಹೆಸರಾದ ಸಮಾಜದ ಮಕ್ಕಳಿಗೆ ಈ ಪದವನ್ನು ಬಾಯಿಪಾಠ ಮಾಡಿಸಬೇಕೆ? ‘ಅನಾನಿಮಸ್’ ಎಂಬುದರಲ್ಲಿ ನಮ್ಮ ‘ಅನಾಮಧೇಯ’ದ ನಿಷೇಧವೂ ನಾಮವೂ ಹಾಗೆಯೇ ಇವೆ. ‘ಇಗ್ನಿಯಸ್’ ಶಿಲೆಯು ಅಗ್ನಿಶಿಲೆ. ಲ್ಯಾಟಿನ್ನಿನ ‘ಇಗ್ನಿಸ್’ ನಮ್ಮ ಅಗ್ನಿಯೇ. ‘ಟ್ರೈಡೆಂಟ್’ ಎಂದರೆ ತ್ರಿದಂತ. ‘ಪೆರಿಮೀಟರ್’ನಲ್ಲಿ ಪರಿಧಿಯ ‘ಪರಿ’ ಇದೆ. ‘ಇಂಟರ್’ ಎಂಬುದು ‘ಅಂತರ್’. ‘ಮ್ಯಾಗ್ನಾನಿಮಸ್’ ಎಂಬ ಭಾರದ ಪದವನ್ನು ಒಡೆದರೆ ಸಿಗುವುದು ‘ಮಹಾ’ ಮತ್ತು ‘ಆತ್ಮ’ ಎಂಬ ಅರ್ಥದ ಎರಡು ತುಂಡುಗಳು. ಮಹಾತ್ಮನೆಂಬ ಮಾತನ್ನು ಬಲ್ಲ ಮಗುವಿಗೆ ಅದು ವಿಶಾಲಹೃದಯನನ್ನು ಸೂಚಿಸುತ್ತದೆಂದು ಊಹಿಸಲು ಕಷ್ಟವೇನು? ‘ಬೆನೆವೊಲೆಂಟ್’ ಎಂದರೆ ಒಳ್ಳೆಯದನ್ನು ಬಯಸುವವನು. ನಮ್ಮ ‘ಹಿತೈಷಿ’ಯನ್ನು ಕಟ್ಟಿದ ರೀತಿಯೂ ಅದೇ.

ನೆಂಟಸ್ತಿಕೆಗಿಂತಲೂ ಈ ಕಟ್ಟುವ ರೀತಿಯ ಪರಿಚಯವೇ ಹೆಚ್ಚು ಬೆಲೆಯುಳ್ಳದೆಂದು ನಮಗೆ ತೋರುತ್ತದೆ. ‘ಇನ್‌ವ್ಯಾಲ್ಯುಯಬಲ್’ ಎಂಬ ಪದವನ್ನು ಕಂಡು, ‘ಇನ್’ ಎಂದರೆ ಇಲ್ಲ, ಆದುದರಿಂದ ಬೆಲೆಯಿಲ್ಲದ್ದು ಎಂದು ಬರೆದು ಅಂಕ ಕಳೆದುಕೊಳ್ಳುವ ಮಕ್ಕಳು ಇದ್ದಾರೆ. ‘ಅಮೂಲ್ಯ’ವೆಂದರೆ ಮೂಲ್ಯವಿಲ್ಲದ್ದಲ್ಲ, ಮೂಲ್ಯ ಕಟ್ಟಲಾಗದ್ದು ಎಂಬುದನ್ನು ಕನ್ನಡದಲ್ಲಿ ಬಲ್ಲ ಮಗು ಆ ಹೊಂಡಕ್ಕೆ ಬೀಳುವುದಿಲ್ಲ. ಎರಡು ಭಾಷೆಗಳೂ ಒಂದೇ ಚಮತ್ಕಾರವನ್ನು ಮಾಡಿವೆ. ಒಂದನ್ನು ನೋಡಿದವನಿಗೆ ಇನ್ನೊಂದು ಮೋಸ ಮಾಡದು.

ಅರ್ಥಚ್ಛಾಯೆಗಳ ಮಾತೂ ಹೀಗೆಯೇ. ಪಟ್ಟಿಯಲ್ಲಿ ‘ಫ್ರೂಗಲ್’, ‘ಪಾರ್ಸಿಮೋನಿಯಸ್’ ಎರಡಕ್ಕೂ ಕಡಮೆ ಖರ್ಚು ಮಾಡುವವನೆಂಬ ಅರ್ಥವನ್ನೇ ಕೊಟ್ಟು ಕೈತೊಳೆದುಕೊಳ್ಳುತ್ತಾರೆ. ಆದರೆ ಗದ್ಯಭಾಗದಲ್ಲಿ ಪ್ರಶ್ನೆ ಬರುವುದು ಲೇಖಕನು ಆ ಮನುಷ್ಯನನ್ನು ಮೆಚ್ಚಿದ್ದಾನೋ ತೆಗಳಿದ್ದಾನೋ ಎಂದು. ಮೊದಲನೆಯವನು ಮಿತವ್ಯಯಿ, ಎರಡನೆಯವನು ಜಿಪುಣ ಎಂದು ಒಮ್ಮೆ ಕನ್ನಡದಲ್ಲಿ ಹೇಳಿಬಿಟ್ಟರೆ ಆ ಭೇದವನ್ನು ಜನ್ಮದಲ್ಲಿ ಮರೆಯಲಾಗದು. ‘ಅನ್‌ಇಂಟರೆಸ್ಟೆಡ್’ ಎಂಬವನು ನಿರಾಸಕ್ತ, ‘ಡಿಸ್‌ಇಂಟರೆಸ್ಟೆಡ್’ ಎಂಬವನು ನಿರಪೇಕ್ಷ. ಆಂಗ್ಲ ಪತ್ರಿಕೆಗಳಲ್ಲಿ ಬರೆಯುವವರೇ ಕೆಲವೊಮ್ಮೆ ಇಲ್ಲಿ ಎಡವುವುದನ್ನು ನಾವು ನೋಡುತ್ತೇವೆ.

ಆದರೂ ಈ ವಾದವನ್ನು ಅತಿಗೆ ಎಳೆಯಬಾರದು. ಅಚ್ಚಗನ್ನಡದ ಮಾತುಗಳಿಗೆ ಆಂಗ್ಲದಲ್ಲಿ ಇಂಥ ನೆಂಟರಿಲ್ಲ. ಕೇಳಲು ಹೋಲುವ ಪದಗಳೆಲ್ಲ ನೆಂಟರೂ ಅಲ್ಲ. ‘ಇನ್‌ಫ್ಲೇಮಬಲ್’ ಎಂಬುದರ ‘ಇನ್’ ನಿಷೇಧವೆಂದು ತಿಳಿದು ಬೆಂಕಿಯ ಹತ್ತಿರ ಹೋದವನ ಕೈ ಸುಡುತ್ತದೆ, ಏಕೆಂದರೆ ಅದು ಬೇಗ ಹೊತ್ತಿಕೊಳ್ಳುವ ವಸ್ತು. ಅರ್ಥವನ್ನು ಊಹಿಸಿದ ಬಳಿಕ ನಿಘಂಟನ್ನು ತೆರೆದು ನೋಡಲೇಬೇಕು.

ಇನ್ನೊಂದು ಮಾತನ್ನು ಸ್ಪಷ್ಟವಾಗಿ ಹೇಳಬೇಕಾಗಿದೆ. ‘ಊಟ ಆಯಿತೇ, ಸ್ನಾನ ಆಯಿತೇ’ ಎಂಬಷ್ಟೇ ಕನ್ನಡದಿಂದ ಈ ಲಾಭವು ದೊರೆಯದು. ಹಿತೈಷಿ, ಮಿತವ್ಯಯಿ, ನಿರಪೇಕ್ಷ ಎಂಬ ಪದಗಳು ಅಡುಗೆಮನೆಯಲ್ಲಿ ಕೇಳಿಬರುವುದಿಲ್ಲ. ಅವು ಪುಸ್ತಕದಲ್ಲಿಯೂ ಪತ್ರಿಕೆಯಲ್ಲಿಯೂ ವೇದಿಕೆಯ ಭಾಷಣದಲ್ಲಿಯೂ ಯಕ್ಷಗಾನದ ಅರ್ಥಗಾರಿಕೆಯಲ್ಲಿಯೂ ಇರುವಂಥವು. ಮನೆಯಲ್ಲಿ ಮಾತಾಡುತ್ತೇವೆ, ಅಷ್ಟು ಸಾಕು ಎಂದು ಸಮಾಧಾನಪಟ್ಟುಕೊಳ್ಳುವ ತಾಯ್ತಂದೆಗಳು ಬಂಡವಾಳವನ್ನು ಪೆಟ್ಟಿಗೆಯಲ್ಲಿಟ್ಟು ಬೀಗ ಹಾಕಿದವರು. ಮಗುವಿಗೆ ಲಿಪಿ ಬರಬೇಕು, ದಿನಕ್ಕೆ ಒಂದು ಪುಟವನ್ನಾದರೂ ಅದು ಕನ್ನಡದಲ್ಲಿ ಓದಬೇಕು. ಪತ್ರಿಕೆಯವರಾದ ನಾವು ಇದನ್ನು ಹೇಳುವುದರಲ್ಲಿ ಸ್ವಾರ್ಥವಿದೆಯೆಂದು ಯಾರಾದರೂ ಆಕ್ಷೇಪಿಸಿದರೆ ಅಲ್ಲಗಳೆಯಲಾರೆವು. ಸ್ವಾರ್ಥವಿದ್ದ ಮಾತ್ರಕ್ಕೆ ಮಾತು ಸುಳ್ಳಾಗುವುದಿಲ್ಲ.

ಹಗಲು ಹೋಟೆಲಿನಲ್ಲಿ ದುಡಿದು, ರಾತ್ರಿ ಶಾಲೆಯ ಬೆಂಚಿನ ಮೇಲೆ ಕುಳಿತು ಕಲಿತು, ಬಳಿಕ ಬ್ಯಾಂಕುಗಳಲ್ಲಿಯೂ ನ್ಯಾಯಾಲಯಗಳಲ್ಲಿಯೂ ಆಂಗ್ಲದಲ್ಲಿ ವ್ಯವಹರಿಸಿದ ಒಂದು ಪೀಳಿಗೆಯನ್ನು ಮುಂಬಯಿ ಕಂಡಿದೆ. ಅವರು ಆಂಗ್ಲವನ್ನು ಕಲಿತದ್ದು ಕನ್ನಡದ ಮೂಲಕ. ಹೊಸ ಪದ ಬಂದಾಗ ಅದಕ್ಕೆ ಕನ್ನಡದ ಪದವನ್ನು ಹುಡುಕಿ ಪಕ್ಕದಲ್ಲಿ ಬರೆದುಕೊಳ್ಳುತ್ತಿದ್ದರು. ಅವರ ಮೊಮ್ಮಕ್ಕಳಿಗೆ ಕಾನ್ವೆಂಟಿನ ಉಚ್ಚಾರಣೆ ಇದೆ, ಬೆರಳ ತುದಿಯಲ್ಲಿ ನಿಘಂಟು ಇದೆ. ಪಕ್ಕದಲ್ಲಿ ಬರೆದುಕೊಳ್ಳುವ ಆ ಎರಡನೆಯ ಪದ ಮಾತ್ರ ಇಲ್ಲ.

ಹಾಗಾದರೆ ಪಟ್ಟಿಯೇ ಬೇಡವೆ? ಬೇಕು, ಆದರೆ ಚಿಕ್ಕದು ಸಾಕು. ನ್ಯೂಜಿಲೆಂಡಿನ ಏವರಿಲ್ ಕಾಕ್ಸ್‌ಹೆಡ್ ಎಂಬ ವಿದುಷಿಯು ೨೦೦೦ದಲ್ಲಿ ಪ್ರಕಟಿಸಿದ ಪಟ್ಟಿಯಲ್ಲಿ ೫೭೦ ಪದಕುಟುಂಬಗಳು ಮಾತ್ರವಿವೆ. ವಿಶ್ವವಿದ್ಯಾಲಯದ ಮಟ್ಟದ ಬರಹಗಳಲ್ಲಿ ಬರುವ ಪದಗಳಲ್ಲಿ ಸುಮಾರು ಹತ್ತನೆಯ ಒಂದು ಭಾಗವನ್ನು ಅವೇ ಆವರಿಸುತ್ತವೆಂದು ಆಕೆ ಎಣಿಸಿ ತೋರಿಸಿದ್ದಾರೆ. ಪದವನ್ನು ಮೂಲಧಾತುಗಳಿಂದ ಕಲಿಸುವ ನಾರ್ಮನ್ ಲೂಯಿಸನ ‘ವರ್ಡ್ ಪವರ್ ಮೇಡ್ ಈಸಿ’ ೧೯೪೯ರ ಪುಸ್ತಕವಾದರೂ ಇಂದಿಗೂ ಕಾಲುದಾರಿಯ ಪುಸ್ತಕದಂಗಡಿಗಳಲ್ಲಿ ಅಗ್ಗಕ್ಕೆ ದೊರೆಯುತ್ತದೆ. ದೊಡ್ಡ ಶುಲ್ಕದ ತರಬೇತಿ ವರ್ಗಗಳ ಪಟ್ಟಿಗಿಂತ ಅದು ಮೇಲೆಂದು ನಾವು ನಿಸ್ಸಂಕೋಚವಾಗಿ ಹೇಳುತ್ತೇವೆ. ದಿನಕ್ಕೆ ಎಂಟು ಹತ್ತು ಪದಗಳು ಸಾಕು. ಒಂದೊಂದು ಚೀಟಿಯ ಮುಂದೆ ಪದ, ಹಿಂದೆ ಕನ್ನಡದ ಸಮಾನಪದ ಮತ್ತು ಓದುವಾಗ ಸಿಕ್ಕಿದ ವಾಕ್ಯ. ಗೊತ್ತಿದ್ದ ಚೀಟಿ ಮುಂದಿನ ಪೆಟ್ಟಿಗೆಗೆ ಹೋಗಿ ಕೆಲವು ದಿನಗಳ ಮೇಲೆ ಮತ್ತೆ ಬರಲಿ. ಮರೆತ ಚೀಟಿ ಮೊದಲ ಪೆಟ್ಟಿಗೆಗೆ ಮರಳಿ ನಾಳೆಯೇ ಬರಲಿ. ೧೯೭೨ರಲ್ಲಿ ಸೆಬಾಸ್ಟಿಯನ್ ಲೈಟ್ನರ್ ಎಂಬವನು ಪ್ರಚಾರಕ್ಕೆ ತಂದ ಈ ಕ್ರಮಕ್ಕೆ ಖಾಲಿ ಬಿಸ್ಕತ್ತು ಡಬ್ಬಗಳೂ ಆಗುತ್ತವೆ.

ಇಲ್ಲಿ ನಮ್ಮ ಸಂಘಗಳಿಗೂ ಕೆಲಸವಿದೆ. ವಾರ್ಷಿಕೋತ್ಸವದಲ್ಲಿ ಪ್ರತಿಭಾವಂತ ವಿದ್ಯಾರ್ಥಿಗಳಿಗೆ ಶಾಲು ಹೊದಿಸುವುದು ಒಳ್ಳೆಯದೇ. ಆದರೆ ಅದು ಫಲಿತಾಂಶದ ಅನಂತರದ ಮಾತಾಯಿತು. ಅದಕ್ಕೆ ಮೊದಲು, ಸಂಘದ ವಾಚನಾಲಯದ ಕೋಣೆಯಲ್ಲಿ ಭಾನುವಾರ ಎರಡು ತಾಸು ಹನ್ನೊಂದು, ಹನ್ನೆರಡನೆಯ ತರಗತಿಯ ಮಕ್ಕಳನ್ನು ಕೂರಿಸಿ, ಒಂದು ಆಂಗ್ಲ ಪತ್ರಿಕೆಯ ಅಗ್ರಲೇಖನವನ್ನೂ ಅದೇ ವಿಷಯದ ಕನ್ನಡ ಲೇಖನವನ್ನೂ ಎದುರುಬದುರಾಗಿ ಓದಿಸಲಿ. ನಿವೃತ್ತರಾದ ಶಿಕ್ಷಕರು, ವಕೀಲರು, ಬ್ಯಾಂಕಿನ ಅಧಿಕಾರಿಗಳು ನಮ್ಮಲ್ಲಿ ಧಾರಾಳವಾಗಿದ್ದಾರೆ, ಕರೆದರೆ ಬಾರದಿರುವವರಲ್ಲ. ಸಿ.ಯು.ಇ.ಟಿ.ಯ ಭಾಷಾಪರೀಕ್ಷೆಗಳಲ್ಲಿ ಕನ್ನಡವೂ ಒಂದೆಂಬುದನ್ನು ಅನೇಕ ಮನೆಗಳಲ್ಲಿ ಅರಿಯರು; ಯಾವ ವಿಶ್ವವಿದ್ಯಾಲಯದ ಯಾವ ಪದವಿಗೆ ಅದು ಸಲ್ಲುತ್ತದೆಂಬುದನ್ನು ಆಯಾ ವರ್ಷದ ಪ್ರಕಟಣೆಯಲ್ಲಿ ನೋಡಿ ಮಕ್ಕಳಿಗೆ ತಿಳಿಸುವ ಭಾರವನ್ನೂ ಈ ಹಿರಿಯರೇ ಹೊರಬಹುದು. ಕ್ಲಾಟ್ ಪರೀಕ್ಷೆ ಸಾಮಾನ್ಯವಾಗಿ ದಶಂಬರದಲ್ಲಿಯೂ ಸಿ.ಯು.ಇ.ಟಿ. ಬೇಸಗೆಯಲ್ಲಿಯೂ ನಡೆಯುತ್ತವೆ. ಜೂನಿನಲ್ಲಿ ಶಾಲೆ ತೆರೆದ ವಾರವೇ ಮೊದಲ ಭಾನುವಾರದ ಕೂಟವು ಸೇರುವುದಾದರೆ ಕ್ಲಾಟಿಗೆ ಮೊದಲು ಇಪ್ಪತ್ತೈದು ಭಾನುವಾರಗಳು ದೊರೆಯುತ್ತವೆ.