ಬೆಂಕಿಗುಂಡು ಕಬ್ಬಿನ ಗದ್ದೆಗೆ ಬೇಡ

ಮದ್ದೂರು, ಮಳವಳ್ಳಿ ಕಡೆ ಕಾಡುಹಂದಿ ಕಾಟಕ್ಕೆ ರೈತರು ನಿದ್ದೆಗೆಟ್ಟು ಕಾಯುವುದನ್ನು ನಾವು ಬಲ್ಲೆವು. ಆದರೆ ಮೊಬೈಲಿನಲ್ಲಿ ಬೆಂಕಿಗೆರೆ ಎಳೆಯುತ್ತಾ ಹಾರುವ ಗುಂಡು ನೋಡಿ 'ನಮಗೂ ಸಿಕ್ಕಿದ್ದರೆ' ಎನ್ನಬೇಡಿ.

ಅದು ಸೇನೆಯ ಟ್ರೇಸರ್ ಗುಂಡು. ಅಮೆರಿಕದಲ್ಲಿ ಸೇನೆಗೆ ಬೇಡವಾದ ಇಂಥ ಗುಂಡು ಜನರ ರೈಫಲ್‌ಗೂ ಸಿಗುತ್ತದೆ. ಅದರಿಂದ ಒಣಹುಲ್ಲಿಗೆ ಬೆಂಕಿ ಬಿದ್ದದ್ದೂ ಉಂಟು. ಗುಂಡಿನ ಹಿಂಬದಿಯ ಮದ್ದು ನೆಲಕ್ಕೆ ಬಿದ್ದ ಮೇಲೂ ಉರಿಯಬಹುದು. ನಮ್ಮ ಒಣ ತರಗಿಗೆ ಒಂದು ಕಿಡಿ ಸಾಕು, ಪಕ್ಕದವರ ಕಬ್ಬೂ ಬೂದಿ.

ಕಾನೂನೂ ಒಪ್ಪುವುದಿಲ್ಲ. ಸೇನೆಯ 7.62 ಮಿ.ಮೀ. ಗುಂಡು ಹಾರಿಸಬಲ್ಲ ರೈಫಲ್ ನಮ್ಮಲ್ಲಿ ನಿಷೇಧಿತ ವರ್ಗದ್ದು. 1959ರ ಶಸ್ತ್ರಾಸ್ತ್ರ ಕಾಯ್ದೆ ಬೆಳೆ ಕಾಯಲು ಹೇಳುವುದು ಬಾಯಿಂದ ಮದ್ದು ತುಂಬುವ ಕೋವಿಯನ್ನು.

ರೈತರಿಗೆ ಬೇಕಾದದ್ದು ಸೋಲಾರ್ ಬೇಲಿ, ತಡವಾಗದ ಬೆಳೆ ಪರಿಹಾರ. ಮಂಡ್ಯಕ್ಕೆ ಹೋಗಿ ಅದನ್ನೇ ಒಟ್ಟಾಗಿ ಕೇಳೋಣ.