ಗಾಂಧಿ ಕ್ಲಾಸಿನಿಂದ: ಬ್ಯಾಟ್‌ಮ್ಯಾನ್‌ಗೆ ವಯಸ್ಸಾದರೆ ಯಾರಪ್ಪನ ಗಂಟು ಹೋಗುತ್ತೆ?

ಓದುಗ ಮಿತ್ರರೇ, ಈ ವಾರ ಮೊದಲು ನಿಮ್ಮ ಬೈಗುಳಗಳಿಗೆ ವಂದನೆ!

ಮೂರು ವಾರದ ಹಿಂದೆ ಇದೇ ಜಾಗದಲ್ಲಿ ನಾನೊಂದು ಮಾತು ಬರೆದಿದ್ದೆ. ನಮ್ಮ ದೊಡ್ಡ ಹೀರೋಗಳು ತಲೆಗೆ ಬಣ್ಣ ಬಳಿಯೋದು ಬಿಟ್ಟು, ಬೆಳ್ಳಿಗೂದಲಲ್ಲೇ ಒಂದು ಭರ್ಜರಿ ಫೈಟ್ ಕೊಟ್ಟರೆ ಹೇಗಿರುತ್ತೆ ಅಂತ. ಯಾರ ಹೆಸರನ್ನೂ ಹೇಳಿರಲಿಲ್ಲ. ಆದರೂ ಹತ್ತೊಂಬತ್ತು ಕಾಗದ ಬಂದವು! ಎಲ್ಲಾ ಬಣದವರೂ 'ಇದು ನಮ್ಮ ಬಾಸ್‌ಗೇ ಹೇಳಿದ್ದು' ಅಂತ ಟೋಪಿ ಎತ್ತಿ ತಾವೇ ಹಾಕಿಕೊಂಡಿದ್ದಾರೆ. 'ನಮ್ಮಣ್ಣನಿಗೆ ವಯಸ್ಸಾಗಿಲ್ಲ ಕಣಯ್ಯಾ, ನಿನ್ನ ಕಣ್ಣಿಗೆ ಪೊರೆ ಬಂದಿದೆ' ಅಂತ ಒಬ್ಬರು ಬರೆದಿದ್ದಾರೆ. ಓದಿ ನಾನೇ ಹೊಟ್ಟೆ ಹಿಡಿದುಕೊಂಡು ನಕ್ಕೆ.

ಒಂದು ಕಾಗದ ಮಾತ್ರ ನಗುವ ಹಾಗಿರಲಿಲ್ಲ. ಹೆಸರಿಲ್ಲ, ಊರಿಲ್ಲ. ನಾನು ದಿನಾ ಯಾವ ಬಸ್ ಹತ್ತುತ್ತೇನೆ, ಯಾವ ಸ್ಟಾಪಿನಲ್ಲಿ ಇಳಿಯುತ್ತೇನೆ ಅಂತ ಅಷ್ಟೇ ಬರೆದಿತ್ತು. ಸುಳ್ಳು ಯಾಕೆ ಹೇಳಲಿ, ಎರಡು ದಿನ ನಾನು ಆ ಬಸ್ ಹತ್ತಲಿಲ್ಲ.

ಮನೇಲಿ ಸುಮ್ಮನೆ ಕೂತವನು ಹಳೇ ಟ್ರಂಕ್ ತೆಗೆದೆ. ಕೈಗೆ ಸಿಕ್ಕಿದ್ದು ರಟ್ಟು ಕಿತ್ತುಹೋದ ಒಂದು ಕಾಮಿಕ್ಸ್ ಪುಸ್ತಕ. 'ದಿ ಡಾರ್ಕ್ ನೈಟ್ ರಿಟರ್ನ್ಸ್'. ಬರೆದಾತ ಫ್ರಾಂಕ್ ಮಿಲ್ಲರ್. ನಾನು ಹೀರೋಗೆ ವಯಸ್ಸಾಗಲಿ ಅಂತ ಬರೀ ಬಾಯಲ್ಲಿ ಹೇಳಿದೆ. ಈ ಮಹಾಶಯ 1986ರಲ್ಲಿ ಅದನ್ನು ಮಾಡಿಯೇ ತೋರಿಸಿದ. ಅದೂ ಯಾರಿಗೆ? ಸಾಕ್ಷಾತ್ ಬ್ಯಾಟ್‌ಮ್ಯಾನ್‌ಗೆ! ಅಮೆರಿಕದ ಕಾಮಿಕ್ಸ್ ಅಭಿಮಾನಿಗಳು ಆವತ್ತು ಶುರು ಮಾಡಿದ ಜಗಳ ಇವತ್ತಿಗೂ ಮುಗಿದಿಲ್ಲ.

ಪಿಸ್ತೂಲು ಹಿಡಿದಿದ್ದ ಬಾವಲಿ

ಜಗಳ ಅರ್ಥವಾಗಬೇಕಾದರೆ ಸ್ವಲ್ಪ ಫ್ಲ್ಯಾಶ್‌ಬ್ಯಾಕ್ ಬೇಕು. ಬ್ಯಾಟ್‌ಮ್ಯಾನ್ ಮೊದಲು ಕಾಣಿಸಿಕೊಂಡಿದ್ದು 1939ರಲ್ಲಿ, 'ಡಿಟೆಕ್ಟಿವ್ ಕಾಮಿಕ್ಸ್' ಪತ್ರಿಕೆಯ 27ನೇ ಸಂಚಿಕೆಯಲ್ಲಿ. ಚಿತ್ರ ಬರೆದವನು ಬಾಬ್ ಕೇನ್, ಕಥೆ ಬರೆದವನು ಬಿಲ್ ಫಿಂಗರ್. ಈ ಎರಡನೇ ಹೆಸರನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತೆ.

ಕಣ್ಣೆದುರೇ ಅಪ್ಪ-ಅಮ್ಮನನ್ನು ಕಳೆದುಕೊಂಡ ಶ್ರೀಮಂತರ ಹುಡುಗ ಬ್ರೂಸ್ ವೇಯ್ನ್, ಬೆಳೆದು ದೊಡ್ಡವನಾಗಿ ಬಾವಲಿ ವೇಷ ಹಾಕಿ ಕೇಡಿಗಳನ್ನು ಬಡಿಯುತ್ತಾನೆ. ಇಷ್ಟು ನಿಮಗೆಲ್ಲ ಗೊತ್ತು. ಗೊತ್ತಿಲ್ಲದ ವಿಷಯ ಕೇಳಿ. ಮೊದಮೊದಲ ಕಥೆಗಳಲ್ಲಿ ಈ ಬ್ಯಾಟ್‌ಮ್ಯಾನ್ ಪಿಸ್ತೂಲು ಹಿಡಿದಿದ್ದಾನೆ, ಕೇಡಿಗಳನ್ನು ಕೊಂದೂ ಇದ್ದಾನೆ! 1940ರಲ್ಲಿ ವಿಟ್ನಿ ಎಲ್ಸ್‌ವರ್ತ್ ಎಂಬ ಸಂಪಾದಕ 'ಓದೋರು ಮಕ್ಕಳು, ಇದೆಲ್ಲ ನಿಲ್ಲಿಸಿ' ಅಂತ ತಾಕೀತು ಮಾಡಿದ ಮೇಲೆ ಬಂದೂಕು ಹೋಯಿತು. 'ಬ್ಯಾಟ್‌ಮ್ಯಾನ್ ಕೊಲ್ಲೋದಿಲ್ಲ' ಎಂಬ ವ್ರತ ಬಂತು.

ಆಮೇಲೆ 1966ರಿಂದ 1968ರವರೆಗೆ ಟಿವಿಯಲ್ಲಿ ಆಡಮ್ ವೆಸ್ಟ್ ಬ್ಯಾಟ್‌ಮ್ಯಾನ್ ಆದ. ಪೂರ್ತಿ ತಮಾಷೆ. ಗುದ್ದಿದರೆ ಪರದೆ ತುಂಬ ಬಣ್ಣದ ಅಕ್ಷರ! ಕಾಮಿಕ್ಸ್ ಭಕ್ತರಿಗೆ ಮರ್ಯಾದೆ ಹೋದಂತಾಯಿತು. 1970ರ ದಶಕದಲ್ಲಿ ಕಥೆಗಾರ ಡೆನ್ನಿಸ್ ಓ'ನೀಲ್, ಚಿತ್ರಕಾರ ನೀಲ್ ಆಡಮ್ಸ್ ಸೇರಿಕೊಂಡು ಆತನನ್ನು ಮತ್ತೆ ಕತ್ತಲ ಓಣಿಗೆ ಕರೆತಂದರು. ಅಂದರೆ ಏನಾಯಿತು? ಮಿಲ್ಲರ್ ಬರುವ ಮೊದಲೇ ಬ್ಯಾಟ್‌ಮ್ಯಾನ್ ಮೂರು ಸಲ ವೇಷ ಬದಲಿಸಿದ್ದ!

ಐವತ್ತೈದರ ಹೀರೋ, ಹದಿಮೂರರ ರಾಬಿನ್

ಮಿಲ್ಲರ್ ಹುಟ್ಟಿದ್ದು 1957ರಲ್ಲಿ. 'ಡೇರ್‌ಡೆವಿಲ್' ಬರೆದು ಹೆಸರು ಮಾಡಿದ್ದ. 1986ಕ್ಕೆ ಆತನಿಗೆ ಇಪ್ಪತ್ತೊಂಬತ್ತು. ಬ್ಯಾಟ್‌ಮ್ಯಾನ್ ಯಾವತ್ತೂ ಇಪ್ಪತ್ತೊಂಬತ್ತರಲ್ಲೇ ನಿಂತಿರುವವನು. 'ಇನ್ನೇನು ನಾನು ಬ್ಯಾಟ್‌ಮ್ಯಾನ್‌ಗಿಂತ ದೊಡ್ಡವನಾಗಿಬಿಡ್ತೀನಲ್ಲ' ಎಂಬ ಕಸಿವಿಸಿಯೇ ಈ ಕಥೆಗೆ ಬೀಜವಾಯಿತು ಅಂತ ಆಮೇಲೆ ಹೇಳಿಕೊಂಡಿದ್ದಾನೆ. ನನಗೂ ಈಗ ಹೆಚ್ಚುಕಮ್ಮಿ ಅದೇ ವಯಸ್ಸು. ಆ ಕಸಿವಿಸಿ ನನಗೆ ಚೆನ್ನಾಗಿ ಗೊತ್ತು ಬಿಡಿ!

ಕಥೆ ಹೀಗೆ. ಬ್ರೂಸ್ ವೇಯ್ನ್‌ಗೆ ಐವತ್ತೈದು. ವೇಷ ಕಳಚಿಟ್ಟು ಹತ್ತು ವರ್ಷ ಆಗಿದೆ. ಊರು ಪುಂಡರ ಕೈಗೆ ಹೋಗಿದೆ. ತಡೆಯಲಾರದೆ ಮುದುಕ ಮತ್ತೆ ಬಾವಲಿಯಾಗುತ್ತಾನೆ. ಮೊದಲಿನ ಹಾಗೆ ಮೈ ಬಗ್ಗಲ್ಲ, ಕೀಲು ನೋವು, ಏದುಸಿರು. ಪುಂಡರ ನಾಯಕನ ಕೈಲಿ ಸರಿಯಾಗಿ ಒದೆ ತಿನ್ನುತ್ತಾನೆ. ರಾಬಿನ್ ಆಗಿ ಬರುವವಳು ಕ್ಯಾರಿ ಕೆಲ್ಲಿ ಎಂಬ ಹದಿಮೂರರ ಹುಡುಗಿ! ಸೂಪರ್‌ಮ್ಯಾನ್ ಸರ್ಕಾರ ಹೇಳಿದ ಕೆಲಸ ಮಾಡುವ ಆಳಾಗಿದ್ದಾನೆ. ಕೊನೆಗೆ ಇಬ್ಬರಿಗೂ ಬೀದಿಯಲ್ಲಿ ಹೊಡೆದಾಟ. ಪುಟಪುಟಕ್ಕೂ ಟಿವಿ ಪರದೆಗಳು, ಅದರಲ್ಲಿ ಕೂತು ಬ್ಯಾಟ್‌ಮ್ಯಾನ್ ಒಳ್ಳೆಯವನೋ ಕೆಟ್ಟವನೋ ಅಂತ ಹರಟುವ ತಜ್ಞರು. ಆಗ ಮಾಮೂಲಿ ಕಾಮಿಕ್ಸ್‌ಗೆ 75 ಸೆಂಟ್. ದಪ್ಪ ಕಾಗದದ ಈ ನಾಲ್ಕು ಸಂಚಿಕೆಗಳಿಗೆ ತಲಾ 2 ಡಾಲರ್ 95 ಸೆಂಟ್. ಆದರೂ ಜನ ಮುಗಿಬಿದ್ದರು.

ಜಗಳ ಶುರುವಾಗಿದ್ದೂ ಅಲ್ಲೇ. ಒಂದು ಬಣ ಹೇಳಿತು: 'ಇದೇ ನಿಜವಾದ ಬ್ಯಾಟ್‌ಮ್ಯಾನ್. ಟಿವಿಯವರು ಹಚ್ಚಿದ ಬಣ್ಣ ಈಗ ತೊಳೆದುಹೋಯ್ತು.' ಇನ್ನೊಂದು ಬಣ ಹೇಳಿತು: 'ಇವನು ಕಾನೂನು ಕೈಗೆ ತಗೊಂಡ ರೌಡಿ. ಮೂಳೆ ಮುರಿದು ಖುಷಿಪಡ್ತಾನೆ. ಮಿಲ್ಲರ್ ನಮ್ಮ ಹೀರೋನ ಹಾಳು ಮಾಡಿದ.'

ಎರಡಕ್ಕೂ ಪುಸ್ತಕದಲ್ಲೇ ಸಾಕ್ಷಿ ಇದೆ! ಒಂದು ದೃಶ್ಯದಲ್ಲಿ ಪುಂಡಿಯೊಬ್ಬಳು ಪುಟ್ಟ ಮಗುವಿನ ತಲೆಗೆ ಪಿಸ್ತೂಲು ಇಟ್ಟಿದ್ದಾಳೆ. ಬ್ಯಾಟ್‌ಮ್ಯಾನ್ ಕೈಯಲ್ಲಿ ಮಷೀನ್ ಗನ್. ಮುಂದಿನ ಚಿತ್ರದಲ್ಲಿ ಗೋಡೆ ಮೇಲೆ ರಕ್ತ. ಆಕೆ ಸತ್ತಳಾ, ಗಾಯವಾಯಿತಾ? ಮಿಲ್ಲರ್ ಬಿಡಿಸಿ ಹೇಳುವುದೇ ಇಲ್ಲ. ಇನ್ನೊಂದು ಕಡೆ ಇದೇ ಬ್ಯಾಟ್‌ಮ್ಯಾನ್ ಕುದುರೆ ಮೇಲೆ ಕೂತು, ಪುಂಡರ ದಂಡಿನ ಮುಂದೆ ಬಂದೂಕನ್ನು ಎರಡು ತುಂಡು ಮಾಡಿ, ಇದು ಶತ್ರುವಿನ ಆಯುಧ, ನಮಗೆ ಬೇಡ ಅನ್ನುತ್ತಾನೆ. ಜೋಕರ್‌ನ ಕತ್ತು ಮುರಿಯುತ್ತಾನೆ, ಆದರೆ ಪೂರ್ತಿ ಕೊಲ್ಲಲು ಕೈ ಬರುವುದಿಲ್ಲ. ಜೋಕರ್ ನಗುತ್ತಾ ತಾನೇ ಕತ್ತು ತಿರುಚಿಕೊಂಡು ಸಾಯುತ್ತಾನೆ. ಕೊಲೆ ಆರೋಪ ಬ್ಯಾಟ್‌ಮ್ಯಾನ್ ಮೇಲೆ ಬರಲಿ ಅಂತ! ಎಂಥಾ ಕೇಡಿ ನೋಡಿ!

ಟೀ ಅಂಗಡಿ ಕುರುಕ್ಷೇತ್ರ

2016ರಲ್ಲಿ 'ಬ್ಯಾಟ್‌ಮ್ಯಾನ್ ವರ್ಸಸ್ ಸೂಪರ್‌ಮ್ಯಾನ್' ಬಂತಲ್ಲ, ಆಗ ನಾನು ಪಿಯುಸಿಗೆ ದೊಡ್ಡ ನಮಸ್ಕಾರ ಹೊಡೆದು ಊರು ಅಲೆಯುತ್ತಿದ್ದ ಕಾಲ. ನಿರ್ದೇಶಕ ಜ್ಯಾಕ್ ಸ್ನೈಡರ್ ಮಿಲ್ಲರ್‌ನ ಪುಸ್ತಕದಿಂದ ಆ ಲೋಹದ ಕವಚ, ಆ ಹೊಡೆದಾಟ ಎಲ್ಲ ಎತ್ತಿಕೊಂಡಿದ್ದ. ನಾನೂ ನನ್ನ ಮೆಕ್ಯಾನಿಕ್ ಗೆಳೆಯನೂ ಮೊದಲ ದಿನವೇ ಹೋದೆವು. ಸಿನಿಮಾದಲ್ಲಿ ಬೆನ್ ಅಫ್ಲೆಕ್ ಮಾಡಿದ ಬ್ಯಾಟ್‌ಮ್ಯಾನ್ ಹಿಂದೆಮುಂದೆ ನೋಡದೆ ಕೇಡಿಗಳನ್ನು ಮುಗಿಸುತ್ತಾನೆ. ಹೊರಗೆ ಬಂದು ಟೀ ಕೈಗೆ ಬರುವ ಮೊದಲೇ ಜಗಳ!

'ಮಗಾ, ಕೊಂದ್ರೆ ಅವನು ಬ್ಯಾಟ್‌ಮ್ಯಾನೇ ಅಲ್ಲ,' ಅಂದೆ ನಾನು.

'ಸುಮ್ನಿರೋ. ಮೊದಲ ವರ್ಷ ಕೊಂದಿಲ್ವಾ? ಆಗ ಯಾರಾಗಿದ್ದ, ಹನುಮಂತರಾಯನಾ?' ಅಂದ ಅವನು.

'ಮಿಲ್ಲರ್ ಪುಸ್ತಕದಲ್ಲಿ ಬಂದೂಕು ಮುರೀತಾನೆ ಕಣೋ!'

'ಮುರಿಯೋಕೆ ಮುಂಚೆ ಹಿಡ್ಕೊಂಡಿದ್ನಲ್ಲೋ!'

ಮಾತಿಗೆ ಮಾತು ಬೆಳೆದು, 'ಓದು ಬಿಟ್ಟೋನು ನೀನು, ನಿನಗೇನು ಗೊತ್ತು' ಅಂತ ಅವನು ಅಂದುಬಿಟ್ಟ. ಗ್ಲಾಸ್ ಅಲ್ಲೇ ಇಟ್ಟು ಬಂದೆ. ನಾಲ್ಕು ತಿಂಗಳು ಮಾತಿಲ್ಲ. ಯಾರಿಗಾಗಿ? ನಾವಿಬ್ಬರೂ ಯಾವತ್ತೂ ನೋಡದ ಊರಿನ, ಇಲ್ಲದ ಮನುಷ್ಯನಿಗಾಗಿ! ನಗಬೇಡಿ. ಅಭಿಮಾನ ಅಂದರೆ ಹಾಗೇ. ಹೀರೋನ ಮುಟ್ಟಿದರೆ ನಮ್ಮನೆ ಗೋಡೆಗೆ ಕೈ ಹಾಕಿದ ಹಾಗೆ.

ಮಿಲ್ಲರ್‌ನ ಅಭಿಮಾನಿಗಳೂ ಇಬ್ಭಾಗ

ಮಿಲ್ಲರ್ ಏನು ದೇವರಲ್ಲ. 1987ರ 'ಬ್ಯಾಟ್‌ಮ್ಯಾನ್: ಇಯರ್ ಒನ್' ಅನ್ನು ಬೈದವರು ಕಡಿಮೆ. ಆದರೆ 2001ರಲ್ಲಿ ಶುರುವಾದ ಮುಂದುವರಿದ ಭಾಗ ನೋಡಿ ಭಕ್ತರೇ ತಲೆ ಚಚ್ಚಿಕೊಂಡರು. 2005ರಿಂದ 2008ರವರೆಗೆ ಜಿಮ್ ಲೀ ಚಿತ್ರಗಳೊಂದಿಗೆ ಬಂದ 'ಆಲ್ ಸ್ಟಾರ್ ಬ್ಯಾಟ್‌ಮ್ಯಾನ್ ಅಂಡ್ ರಾಬಿನ್, ದಿ ಬಾಯ್ ವಂಡರ್'ನಲ್ಲಿ ಹೀರೋ ಅನಾಥ ಹುಡುಗನನ್ನೇ ಬೈದು ಗದರಿಸುತ್ತಾನೆ. ಇದು ವ್ಯಂಗ್ಯವಾ, ಬರೆದವನಿಗೇ ತಲೆ ತಿರುಗಿದೆಯಾ ಅಂತ ಇಂದಿಗೂ ವಾದ. 2011ರಲ್ಲಿ ಬಂದ 'ಹೋಲಿ ಟೆರರ್' ಶುರುವಾಗಿದ್ದು ಬ್ಯಾಟ್‌ಮ್ಯಾನ್ ಕಥೆಯಾಗಿ. ಆಮೇಲೆ ಬೇರೆ ಹೀರೋ ಹೆಸರಲ್ಲಿ ಹೊರಬಂತು. ಮುಸ್ಲಿಮರ ಬಗ್ಗೆ ದ್ವೇಷ ಕಾರುವ ಪುಸ್ತಕ ಅಂತ ಭಾರಿ ಟೀಕೆ ಬಂತು, ನನ್ನ ಪ್ರಕಾರ ಆ ಟೀಕೆ ನ್ಯಾಯವೇ. ಅಂಥ ಪುಸ್ತಕ ಇನ್ನು ತನ್ನಿಂದ ಆಗದು ಅಂತ 2018ರಲ್ಲಿ ಆತನೇ ಒಪ್ಪಿಕೊಂಡ. ಹಾಗಾಗಿ 'ಬರೆದವನಿಗೆ ಎಲ್ಲ ಗೊತ್ತು, ಅಭಿಮಾನಿ ಬಾಯಿ ಮುಚ್ಚಿಕೊಂಡಿರಲಿ' ಅಂತ ನಾನು ಹೇಳಲಾರೆ.

ಎಪ್ಪತ್ತೆರಡು ವೋಟಿನ ಸಾವು

ಸರಿ, ಹಾಗಾದರೆ ಪೆನ್ನು ಅಭಿಮಾನಿಗಳ ಕೈಗೇ ಕೊಡೋಣವಾ? ಅದೂ ಆಗಿದೆ ಸ್ವಾಮೀ!

ಮಿಲ್ಲರ್ ತನ್ನ 1986ರ ಕಥೆಯಲ್ಲಿ ಜೇಸನ್ ಟಾಡ್ ಎಂಬ ಎರಡನೇ ರಾಬಿನ್ ಹಿಂದೆಯೇ ಸತ್ತುಹೋಗಿದ್ದಾನೆ ಅಂತ ಸೂಚಿಸಿದ್ದ. ಮಾಮೂಲಿ ಕಾಮಿಕ್ಸ್‌ನಲ್ಲಿ ಆ ಹುಡುಗ ಇನ್ನೂ ಬದುಕಿದ್ದ, ಆದರೆ ಬಹಳ ಓದುಗರಿಗೆ ಹಿಡಿಸಿರಲಿಲ್ಲ. 1988ರಲ್ಲಿ ಜಿಮ್ ಸ್ಟಾರ್ಲಿನ್ ಬರೆದ ಕಥೆಯಲ್ಲಿ ಜೋಕರ್ ಅವನನ್ನು ಬಡಿದು ಬಾಂಬ್ ಇಟ್ಟು ಹೋಗುತ್ತಾನೆ. ಸಂಚಿಕೆ ಅಲ್ಲಿಗೆ ನಿಂತಿತು. ಹಿಂದಿನ ಪುಟದಲ್ಲಿ ಎರಡು ಫೋನ್ ನಂಬರ್. ಹುಡುಗ ಬದುಕಲಿ ಅನ್ನುವವರಿಗೆ ಒಂದು, ಸಾಯಲಿ ಅನ್ನುವವರಿಗೆ ಇನ್ನೊಂದು. ಒಂದು ಕರೆಗೆ 50 ಸೆಂಟ್. ಬದುಕಲಿ ಅಂದವರು 5,271. ಸಾಯಲಿ ಅಂದವರು 5,343. ಬರೀ ಎಪ್ಪತ್ತೆರಡು ಕರೆ ಹೆಚ್ಚು, ಹುಡುಗ ಸತ್ತ. ಇದನ್ನು ಕಟುವಾಗಿ ಹಳಿದವರಲ್ಲಿ ಒಬ್ಬ ಯಾರು ಗೊತ್ತೆ? ಅದೇ ಫ್ರಾಂಕ್ ಮಿಲ್ಲರ್!

ಬೈಯುವುದು ಅಭಿಮಾನಿಯ ಹಕ್ಕು. ಇಷ್ಟವಾಗದಿದ್ದರೆ ಕಾಸು ಕೊಡಬೇಡಿ. ಕಾಗದ ಬರೆಯಿರಿ, ವಾದ ಮಾಡಿ, ಟೀ ಗ್ಲಾಸ್ ಬಿಟ್ಟು ಎದ್ದು ಹೋಗಿ. ಆದರೆ ಕಥೆ ನಿಮಗೆ ಹೆದರಿ ಸಾಗಬೇಕು ಅಂದರೆ ಅಲ್ಲಿಗೆ ಹೀರೋ ಖಲಾಸ್. 1940ರ ಸಂಪಾದಕನೂ, 1966ರ ಟಿವಿಯವರೂ, 1986ರ ಮಿಲ್ಲರ್‌ನೂ ಕೈ ಹಾಕಿದ್ದಕ್ಕೇ ಬ್ಯಾಟ್‌ಮ್ಯಾನ್ ಇವತ್ತಿಗೂ ಉಸಿರಾಡುತ್ತಿದ್ದಾನೆ. ಮುಟ್ಟದೆ ಗಾಜಿನ ಪೆಟ್ಟಿಗೆಯಲ್ಲಿ ಇಟ್ಟಿದ್ದರೆ ಯಾವಾಗಲೋ ಧೂಳು ಹಿಡಿಯುತ್ತಿದ್ದ.

ಒಂದು ಹೆಸರಿನ ಕಥೆ

ಈಗ ನೆನಪಿಟ್ಟುಕೊಳ್ಳಿ ಅಂದಿದ್ದೆನಲ್ಲ, ಆ ಬಿಲ್ ಫಿಂಗರ್ ವಿಷಯ. ಮೊದಲ ಕಥೆ ಬರೆದವನು, ವೇಷಕ್ಕೆ ರೂಪ ಕೊಡುವುದರಲ್ಲೂ ಕೈ ಇದ್ದವನು. ಆದರೆ ಸೃಷ್ಟಿಕರ್ತ ಅಂತ ದಶಕಗಟ್ಟಲೆ ಅಚ್ಚಾಗಿದ್ದು ಬಾಬ್ ಕೇನ್ ಒಬ್ಬನ ಹೆಸರು ಮಾತ್ರ. 1974ರಲ್ಲಿ ಫಿಂಗರ್ ತೀರಿಕೊಂಡ, ಹೆಸರಿಲ್ಲದೆಯೇ. ಆಮೇಲೆ ಹೋರಾಡಿದವರು ಆತನ ಮೊಮ್ಮಗಳು, ಜೊತೆಗೆ ಹಳೇ ಕಾಗದಪತ್ರ ಕೆದಕಿದ ಅಭಿಮಾನಿಗಳು. 2015ರಲ್ಲಿ ಕಂಪನಿ ಒಪ್ಪಿತು. ಫಿಂಗರ್‌ನ ಹೆಸರು ಸಿನಿಮಾ ಪರದೆ ಮೇಲೆ ಕೇನ್ ಜೊತೆ ಬಂದಿದ್ದು ಯಾವ ಚಿತ್ರದಲ್ಲಿ? ನಾನೂ ಗೆಳೆಯನೂ ಜಗಳವಾಡಿಕೊಂಡ ಆ 2016ರ ಚಿತ್ರದಲ್ಲೇ! ಆ ಹೆಸರು ಕಣ್ಣ ಮುಂದೆ ಹಾದುಹೋಗಿತ್ತು, ನಾವಿಬ್ಬರೂ ಗಮನಿಸಿರಲಿಲ್ಲ.

ನಾಲ್ಕು ತಿಂಗಳಾದ ಮೇಲೆ ಇದನ್ನು ಓದಿ ತಿಳಿದು ಗ್ಯಾರೇಜಿಗೆ ಬಂದು ನನಗೆ ಹೇಳಿದವನು, ಹೇಳಬೇಕೇ, ಅದೇ ಗೆಳೆಯ... ಅಲ್ಲಲ್ಲ, ಗ್ಯಾರೇಜು ಅವನದೇ, ಹೋದವನು ನಾನು! ಕೈಯೆಲ್ಲ ಗ್ರೀಸು ಮಾಡಿಕೊಂಡಿದ್ದವನು, 'ಲೇ, ಬರೆಯೋನ ಹೆಸರು ಹಾಕಿಸೋಕೆ ಎಪ್ಪತ್ತೈದು ವರ್ಷದ ಮೇಲೆ ಬೇಕಾಯ್ತಂತೆ. ನಿನ್ನ ಹೆಸರು ಯಾವಾಗಲೋ?' ಅಂದ. ಮುಂದಿನ ವರ್ಷ ನನ್ನ ಮೊದಲ ಲೇಖನ ಅಚ್ಚಾದಾಗ ನನ್ನ ಹೆಸರಿನ ಮೇಲೆ ಗ್ರೀಸಿನ ಬೆರಳು ಒತ್ತಿದವನೂ ಅವನೇ. ಆ ಪ್ರತಿ ಇನ್ನೂ ಟ್ರಂಕಿನಲ್ಲಿದೆ.

ಹಾಗಾಗಿ ಆ ಹೆಸರಿಲ್ಲದ ಕಾಗದದ ಅಣ್ಣನಿಗೆ ಒಂದೇ ಮಾತು. ನಿಮ್ಮ ಬಾಸ್ ಮೇಲೆ ನಿಮಗಿರುವ ಪ್ರೀತಿ ನನಗೂ ಗೊತ್ತು, ನಾನೂ ಗಾಂಧಿ ಕ್ಲಾಸಿನಲ್ಲಿ ಶಿಳ್ಳೆ ಹೊಡೆದವನೇ. ಮತ್ತೆ ಬರೆಯಿರಿ, ಬಾಯ್ತುಂಬ ಬೈಯಿರಿ. ಕೊನೆಯಲ್ಲಿ ಹೆಸರು ಮಾತ್ರ ಹಾಕಿ. ಹೆಸರು ಹಾಕಿದ ಬೈಗುಳವನ್ನು ಇದೇ ಅಂಕಣದಲ್ಲಿ ಅಚ್ಚು ಹಾಕಿಸುತ್ತೇನೆ, ಒಂದಕ್ಷರ ಕತ್ತರಿಸದೆ.

ಮೂರನೇ ದಿನದಿಂದ ನಾನು ಅದೇ ಬಸ್ ಹತ್ತುತ್ತಿದ್ದೇನೆ. ಕಂಡರೆ ಮಾತಾಡಿಸಿ. ಟೀ ಖರ್ಚು ನನ್ನದು, ಏನಂತೀರಿ?

ಮುಂದಿನ ವಾರ ಸಿಗೋಣ!