ಪೊರೆಯಲ್ಲಿ ಸೆರೆಸಿಕ್ಕ ವಿದ್ಯುತ್ತು

ಸಿಂಧನೂರಿನ ವಾಚಕರೊಬ್ಬರು ನಮಗೊಂದು ಪ್ರಶ್ನೆಯನ್ನು ಕಳುಹಿಸಿದ್ದಾರೆ. ಬೇಸಗೆ ಹತ್ತಿದೊಡನೆ ಅವರ ಮನೆಯ ಫ್ಯಾನು ಸೋಮಾರಿಯಾಯಿತಂತೆ. ಕೋಲಿನಿಂದ ತಳ್ಳಿದರೆ ತಿರುಗುವುದು, ಇಲ್ಲದಿದ್ದರೆ ಗುಂಯ್ಯೆನ್ನುತ್ತ ನಿಂತೇ ಇರುವುದು. ಹೊಸದನ್ನೇ ಕೊಳ್ಳಬೇಕೆಂದು ಮನೆಯವರು ನಿಶ್ಚಯಿಸಿದ್ದರು. ಅಷ್ಟರಲ್ಲಿ ಕರೆಂಟಿನ ಕೆಲಸದವನು ಬಂದು, ಅದರ ಬಟ್ಟಲಿನೊಳಗಿಂದ ಬೆಂಕಿಪೆಟ್ಟಿಗೆಯಷ್ಟು ದೊಡ್ಡದಾದ ಡಬ್ಬಿಯೊಂದನ್ನು ತೆಗೆದು, ಅಂತಹುದೇ ಇನ್ನೊಂದನ್ನು ಕೂಡಿಸಿ ಹೋದನು. ಫ್ಯಾನು ಮೊದಲಿನಂತೆ ತಿರುಗಿತು. ಆ ಡಬ್ಬಿಯಲ್ಲಿ ಇದ್ದುದೇನು, ಅದು ಕೆಟ್ಟುದೇಕೆ ಎಂಬುದು ಅವರ ಪ್ರಶ್ನೆ.

ಡಬ್ಬಿಯ ಹೆಸರು ಕೆಪಾಸಿಟರ್. ಹಳಬರು ಕಂಡೆನ್ಸರ್ ಎನ್ನುವರು. ಅದರೊಳಗಿರುವುದು ಸುರುಳಿ ಸುತ್ತಿದ ಪ್ಲಾಸ್ಟಿಕ್ಕಿನ ಪೊರೆ, ಬೇರೇನೂ ಅಲ್ಲ. ಮನೆಗೆ ಬರುವ ವಿದ್ಯುತ್ತು ಒಂದೇ ಎಳೆಯದು. ಅದು ಮೋಟಾರನ್ನು ಹಿಂದಕ್ಕೂ ಮುಂದಕ್ಕೂ ಸೆಳೆಯಬಲ್ಲುದಲ್ಲದೆ ತಾನಾಗಿ ಸುತ್ತಿಸಲಾರದು. ಬೀಸುವ ಕಲ್ಲಿಗೆ ಇಬ್ಬರು ಎದುರುಬದುರಾಗಿ ಕುಳಿತು, ಒಬ್ಬಳು ತಳ್ಳಿದ ಬಳಿಕ ಇನ್ನೊಬ್ಬಳು ಸೆಳೆದರೆ ಕಲ್ಲು ಹಗುರಾಗಿ ಸುತ್ತುವುದಷ್ಟೆ? ಫ್ಯಾನಿನಲ್ಲಿಯೂ ತಂತಿಯ ಸುತ್ತುಗಳು ಎರಡು. ಎರಡನೆಯದರ ಸೆಳೆತವು ಮೊದಲನೆಯದಕ್ಕಿಂತ ತುಸು ಬೇರೆ ಗಳಿಗೆಗೆ ಬರುವಂತೆ ಮಾಡುವುದೇ ಈ ಡಬ್ಬಿಯ ಕೆಲಸ. ಪೊರೆಯು ವಿದ್ಯುತ್ತನ್ನು ತುಂಬಿಕೊಂಡು, ಬಿಟ್ಟು, ಮತ್ತೆ ತುಂಬಿಕೊಳ್ಳುವುದು. ಹೀಗೆ ಸೆಕೆಂಡಿಗೆ ಐವತ್ತು ಆವರ್ತಗಳು.

ಈ ಪೊರೆಯನ್ನು ಮಾಡುವ ಬಗೆ ಸೋಜಿಗದ್ದು. ಪಾಲಿಪ್ರೊಪಿಲೀನೆಂಬ ಪ್ಲಾಸ್ಟಿಕ್ಕಿನ ಕಾಳುಗಳನ್ನು ಕರಗಿಸಿ, ಸಣ್ಣ ಸೀಳಿನ ಮೂಲಕ ಹಾಳೆಯಾಗಿ ಒತ್ತಿ, ತಣಿಸಿ, ಮತ್ತೆ ಬಿಸಿಮಾಡಿ ಉದ್ದಕ್ಕೂ ಅಡ್ಡಕ್ಕೂ ಎಳೆಯುವರು. ಎಳೆದಂತೆಲ್ಲ ಅದು ತೆಳುವಾಗುವುದಲ್ಲದೆ ಗಟ್ಟಿಯೂ ಆಗುವುದು. ಕಡೆಗೆ ಉಳಿಯುವುದು ತಲೆಗೂದಲಿನ ಹತ್ತನೆಯ ಒಂದು ಪಾಲಿನಷ್ಟು ದಪ್ಪ. ಬಳಿಕ ಗಾಳಿಯನ್ನು ಹೊರದೂಡಿದ ಕೋಣೆಯಲ್ಲಿ ಅಲ್ಯೂಮಿನಿಯಮ್ಮನ್ನೋ ಸತುವನ್ನೋ ಆವಿಮಾಡಿ ಅದರ ಮೇಲೆ ಕೂರಿಸುವರು. ಇಂತಹ ಎರಡು ಪಟ್ಟಿಗಳನ್ನು ಜೊತೆಗೂಡಿಸಿ ಸುತ್ತಿದರೆ ಕೆಪಾಸಿಟರು ಸಿದ್ಧವಾಯಿತು. ಒಂದು ಧೂಳಿನ ಕಣ ನಡುವೆ ಸಿಕ್ಕಿತೋ, ಆ ಜಾಗ ಸೋತಂತೆಯೇ.

ಆದರೆ ಸೋತ ಜಾಗವನ್ನು ಪೊರೆಯು ತಾನೇ ವಾಸಿಮಾಡಿಕೊಳ್ಳುವುದು! ಎಲ್ಲಿಯಾದರೂ ವಿದ್ಯುತ್ತು ಪೊರೆಯನ್ನು ತೂರಿ ಕಿಡಿಯಾದರೆ, ಆ ಕಿಡಿಯ ಬಿಸಿಗೆ ತೂತಿನ ಸುತ್ತಲ ಲೋಹವು ಆವಿಯಾಗಿ ಹಾರಿಹೋಗಿ, ತೂತು ಬೇರ್ಪಡುವುದು. ಉಳಿದ ಸುರುಳಿ ಎಂದಿನಂತೆ ಕೆಲಸ ನಡೆಸುವುದು. ಗಾಯ ಮಾಯ್ದರೂ ಲೋಹದ ಅಷ್ಟು ಭಾಗ ನಷ್ಟವೇ. ಇಂತಹ ಸಾವಿರಾರು ಗಾಯಗಳು ಕೂಡಿದಾಗ ಡಬ್ಬಿಯ ಶಕ್ತಿ ಕುಗ್ಗಿ ಫ್ಯಾನಿಗೆ ಮೈಗಳ್ಳತನ ಬರುವುದು. ಕಾವು ಹೆಚ್ಚಿದಷ್ಟೂ ಈ ಸವೆತಕ್ಕೆ ವೇಗ. ಹತ್ತು ಡಿಗ್ರಿ ಕಾವು ಏರಿದರೆ ಕೆಪಾಸಿಟರಿನ ಆಯುಸ್ಸು ಅರ್ಧಕ್ಕಿಳಿಯುವುದೆಂದು ಯಂತ್ರಶಾಸ್ತ್ರದವರು ಸ್ಥೂಲವಾಗಿ ಲೆಕ್ಕ ಹಾಕುವರು. ರಾಯಚೂರು ಸೀಮೆಯ ಬೇಸಗೆಯಲ್ಲಿ ನೆರಳಿನಲ್ಲಿಯೇ ೪೦ ಡಿಗ್ರಿ ದಾಟುವುದು. ಮಾಳಿಗೆಯ ಕೆಳಗೆ, ದಿನರಾತ್ರಿ ತಿರುಗುವ ಮೋಟಾರಿನ ಮಗ್ಗುಲಲ್ಲಿರುವ ಡಬ್ಬಿಯ ಪಾಡೇನು? ಸಿಂಧನೂರಿನವರ ಫ್ಯಾನು ಬೇಸಗೆಯಲ್ಲಿಯೇ ಕೈಕೊಟ್ಟುದರಲ್ಲಿ ಅಚ್ಚರಿಯಿಲ್ಲ.

ಕೊಳ್ಳುವಾಗ ಹಳೆಯ ಡಬ್ಬಿಯ ಮೇಲಿನ ಅಂಕೆಯನ್ನೇ ನೋಡಿ ಕೊಳ್ಳತಕ್ಕದ್ದು. ಸಾಮಾನ್ಯವಾಗಿ ೨.೫ ಅಥವಾ ೩.೧೫ ಮೈಕ್ರೊಫ್ಯಾರಡ್ ಎಂದು ಬರೆದಿರುವುದು. ದೊಡ್ಡ ಅಂಕೆ ಹಾಕಿದರೆ ಗಾಳಿ ಹೆಚ್ಚುವುದೆಂಬ ನಂಬಿಕೆ ಅಂಗಡಿಕಾರರಲ್ಲಿಯೂ ಇದೆ. ಮೋಟಾರಿನ ಸುತ್ತುಗಳು ಕಾಯುವುದೇ ಅದರಿಂದ ಬರುವ ಲಾಭ.

ಇದೇ ವಾಚಕರು, ಲಿಂಗಸುಗೂರಿನಲ್ಲಿರುವ ತಮ್ಮ ಮಾವನವರ ಸಂಗತಿಯನ್ನೂ ಬರೆದಿದ್ದಾರೆ. ಕರೆಂಟು ಹೋಗಿದ್ದ ಹೊತ್ತಿನಲ್ಲಿ ಅವರು ಕೊಳವೆಬಾವಿಯ ಮೋಟಾರಿನ ಪೆಟ್ಟಿಗೆಯನ್ನು ಬಿಚ್ಚಿ ಕೈಯಿಕ್ಕಿದಾಗ ಬಲವಾದ ಹೊಡೆತ ತಗಲಿತಂತೆ. ಇದನ್ನು ಪ್ರತಿಯೊಬ್ಬ ಗೃಹಸ್ಥನೂ ನೆನಪಿನಲ್ಲಿಡಬೇಕೆಂದು ನಾವು ಬಿನ್ನವಿಸುತ್ತೇವೆ. ಕರೆಂಟು ಹೋದರೂ ಪೊರೆಯಲ್ಲಿ ಸಿಕ್ಕಿದ ವಿದ್ಯುತ್ತು ಹೋಗುವುದಿಲ್ಲ. ಮೋಟಾರಿನ ಕೆಪಾಸಿಟರು ಫ್ಯಾನಿನದಕ್ಕಿಂತ ಹಲವು ಪಾಲು ದೊಡ್ಡದು; ಆರಿಸಿದ ಎಷ್ಟೋ ಹೊತ್ತಿನ ಮೇಲೂ ಅದು ಮನುಷ್ಯನನ್ನು ನೆಲಕ್ಕೆ ಕೆಡಹಬಲ್ಲುದು. ತಿಳಿದ ಕೆಲಸದವರು ಮೊದಲು ಅದರ ಎರಡು ತುದಿಗಳಿಗೆ ಬಲ್ಬೊಂದನ್ನು ಹಚ್ಚಿ ಒಳಗಿರುವುದನ್ನು ಬಸಿದು, ಆಮೇಲೆ ಮುಟ್ಟುವರು. ಸ್ಕ್ರೂಡ್ರೈವರನ್ನು ಅಡ್ಡವಿಟ್ಟು ಚಟ್ಟನೆ ಕಿಡಿಹಾರಿಸುವ ರೂಢಿ ಒಳ್ಳೆಯದಲ್ಲ. ಮಕ್ಕಳ ಕೈಗಂತೂ ಆ ಪೆಟ್ಟಿಗೆ ಎಟುಕಲೇ ಕೂಡದು.

ಪೊರೆಯು ವಿದ್ಯುತ್ತನ್ನು ಎಷ್ಟು ಕಾಲ ಹಿಡಿದಿಡಬಲ್ಲುದು? ಮಸ್ಕಿಯ ಜವಳಿ ಅಂಗಡಿಯಲ್ಲಿ ಚಳಿಗಾಲದ ಒಣಹವೆಯಲ್ಲಿ ಪಾಲಿಯೆಸ್ಟರ್ ಸೀರೆಯನ್ನು ಅದರ ಕವರಿನಿಂದ ಹೊರಗೆಳೆದು ನೋಡಿರಿ. ಕವರು ಕೈಗಂಟಿ ಬಿಡಲೊಲ್ಲದು. ಅದು ತಿಕ್ಕಾಟದಿಂದ ಹುಟ್ಟಿದ ವಿದ್ಯುತ್ತು; ಹವೆಯ ತೇವ ತಗಲಿತೆಂದರೆ ಮಾಯವಾಗುವುದು. ಬಹುಕಾಲ ಉಳಿಯುವಂತಹ ವಿದ್ಯುತ್ತನ್ನು ಹೊತ್ತ ವಸ್ತುವಿಗೆ ಇಂಗ್ಲೆಂಡಿನ ಆಲಿವರ್ ಹೆವಿಸೈಡ್ ೧೮೮೫ರಲ್ಲಿಯೇ ‘ಎಲೆಕ್ಟ್ರೆಟ್’ ಎಂದು ಹೆಸರಿಟ್ಟಿದ್ದನು. ಜಪಾನಿನ ಎಗುಚಿ ೧೯೧೯ರ ಸುಮಾರಿಗೆ ಮೇಣ ರಾಳಗಳನ್ನು ಕರಗಿಸಿ, ಬಲವಾದ ವಿದ್ಯುತ್ತಿನ ಸೆಳೆತದ ನಡುವೆ ಅವನ್ನು ಹೆಪ್ಪುಗಟ್ಟಿಸಿ, ಅಂತಹ ಬಿಲ್ಲೆಗಳನ್ನು ಮಾಡಿ ತೋರಿಸಿದನು. ಪೊರೆಯ ಕಾಲ ಬಂದುದು ೧೯೬೨ರಲ್ಲಿ. ಅಮೆರಿಕದ ಬೆಲ್ ಪ್ರಯೋಗಶಾಲೆಯಲ್ಲಿ ಗೆರ್ಹಾರ್ಡ್ ಸೆಸ್ಲರ್, ಜೇಮ್ಸ್ ವೆಸ್ಟ್ ಎಂಬಿಬ್ಬರು ತೆಳುವಾದ ಪ್ಲಾಸ್ಟಿಕ್ ಪೊರೆಗೆ ವಿದ್ಯುತ್ತನ್ನು ತುಂಬಿ, ಮಾತಿಗೆ ಕಂಪಿಸುವ ಮೈಕ್ರೊಫೋನನ್ನು ರಚಿಸಿದರು. ಟೇಪ್ ರೆಕಾರ್ಡರು, ಟೆಲಿಫೋನುಗಳಲ್ಲಿ ಅದೇ ಮನೆಮನೆಗೆ ಬಂದಿತು. ಟೆಫ್ಲಾನಿನ ಒಳ್ಳೆಯ ಪೊರೆಯಾದರೆ ಸಾಧಾರಣ ಹವೆಯಲ್ಲಿ ಹತ್ತಾರು ವರ್ಷ ವಿದ್ಯುತ್ತನ್ನು ಬಿಟ್ಟುಕೊಡದು. ಅಶೋಕನ ಹೆಸರನ್ನು ೨೨೦೦ ವರ್ಷಗಳಿಂದ ಹಿಡಿದಿಟ್ಟಿರುವ ಬಂಡೆಯ ಊರಿನವರಿಗೆ ಇದು ದೊಡ್ಡದಾಗಿ ತೋರಲಿಕ್ಕಿಲ್ಲ.

೧೯೬೯ರಲ್ಲಿ ಜಪಾನಿನ ಹೈಜಿ ಕವಾಯಿ ಮತ್ತೊಂದು ಹೆಜ್ಜೆ ಮುಂದಿಟ್ಟನು. ಪಿ.ವಿ.ಡಿ.ಎಫ್. ಎಂಬ ಪ್ಲಾಸ್ಟಿಕ್ಕನ್ನು ಎಳೆದು, ಬಿಸಿಯಲ್ಲಿರುವಾಗಲೇ ಬಲವಾದ ವಿದ್ಯುತ್ತಿನ ಸೆಳೆತಕ್ಕೆ ಗುರಿಮಾಡಿ ತಣಿಸಿದರೆ, ಆ ಪೊರೆಯು ಒತ್ತಿದಾಗಲೂ ಬಾಗಿಸಿದಾಗಲೂ ತಾನೇ ವಿದ್ಯುತ್ತನ್ನು ಹುಟ್ಟಿಸುವುದು. ಮಣಿಕಟ್ಟಿಗೆ ಸುತ್ತಿದರೆ ನಾಡಿಯ ಮಿಡಿತವನ್ನು ಹೇಳಬಲ್ಲ ಪಟ್ಟಿ ಇದರಿಂದ ಸಾಧ್ಯವಾಗಿದೆ. ಬಟ್ಟೆಯಂತೆ ಮಡಿಚಬಹುದಾದ ಎಲೆಕ್ಟ್ರಾನಿಕ್ ಉಪಕರಣಗಳ ಆಸೆಗೆ ಇಂತಹ ಪೊರೆಗಳೇ ಆಧಾರ. ಬೆಂಗಳೂರಿನಲ್ಲಿ, ಎಸ್. ಚಂದ್ರಶೇಖರರು ದ್ರವಸ್ಫಟಿಕಗಳ ಅಧ್ಯಯನಕ್ಕೆಂದು ೧೯೯೧ರಲ್ಲಿ ಆರಂಭಿಸಿದ ಸಂಸ್ಥೆಯು ಈಗ ನ್ಯಾನೊ ಮತ್ತು ಮೃದುದ್ರವ್ಯ ವಿಜ್ಞಾನಗಳ ಕೇಂದ್ರವೆನಿಸಿದೆ. ಪಾಲಿಮರ್ ಪೊರೆಗಳ ತಿಕ್ಕಾಟದಿಂದ ವಿದ್ಯುತ್ತನ್ನು ಪಡೆಯುವ ಸಂಶೋಧನೆ ಅಲ್ಲಿ ನಡೆದಿದೆ.

ಆದರೆ ನಮ್ಮದೊಂದು ಆಕ್ಷೇಪವುಂಟು. ಪಿ.ವಿ.ಡಿ.ಎಫ್. ಪೊರೆಯನ್ನು ೮೦ ಡಿಗ್ರಿಗಿಂತ ಹೆಚ್ಚು ಕಾಯಿಸಿದರೆ ಅದರ ಗುಣ ಮೆಲ್ಲನೆ ಅಳಿಯತೊಡಗುವುದು. ಪ್ರಯೋಗಶಾಲೆಯ ತಂಪಿನಲ್ಲಿ ಇದು ಕೊರತೆಯೆಂದು ತೋರದು. ಮೇ ತಿಂಗಳಿನಲ್ಲಿ ಬಿಸಿಲಿಗೆ ನಿಲ್ಲಿಸಿದ ಕಾರಿನ ಗಾಜಿನ ಹಿಂದೆ, ಇಲ್ಲವೆ ತಗಡಿನ ಮಾಡಿನ ಮೇಲೆ ಅಂಟಿಸಿದ ಪೊರೆಗೆ ಆ ಮಿತಿ ಬಹಳ ದೂರವಿಲ್ಲ. ಮಡಿಚುವ ಉಪಕರಣಗಳನ್ನು ನಮ್ಮ ಹಳ್ಳಿಗಳಿಗೆ ಮಾರಬಯಸುವವರು ಅವನ್ನು ಎರಡು ಬೇಸಗೆಗಳ ಕಾಲ ಸಿಂಧನೂರಿನ ಮಾಳಿಗೆಯ ಮೇಲಿಟ್ಟು ಪರೀಕ್ಷಿಸಿ ಆಮೇಲೆ ಬೆಲೆ ಹೇಳಲಿ.

ಮೋಟಾರಿನ ಸ್ಟಾರ್ಟರಿನ ವಿಷಯವಾಗಿ ಬಂದಿರುವ ಪ್ರಶ್ನೆಗೆ ಮುಂದಿನ ಸಂಚಿಕೆಯಲ್ಲಿ ಉತ್ತರ ಬರೆಯುವೆವು.